ಎಂಟು ಮರದ ಬದಕಗಳೊಂದಿಗೆ ಭಿಗವಣಕ್ಕೆ

ಪುಣೆಯ ಸ್ವಾರಗೇಟಿನಿಂದ ಸೋಲಾಪುರದ ಕಡೆ ಹೋಗುವ ಬೆಳಗಿನ ಮೊದಲ ಎಸ್‌ಟಿ ಬಸ್ಸಿನಲ್ಲಿ ನಮಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಮಗೆ ಎಂದರೆ ನನಗೆ, ನನ್ನ ಮಾವನವರಿಗೆ ಮತ್ತು ಗೋಣಿಚೀಲದಲ್ಲಿದ್ದ ಎಂಟು ಮರದ ಬದಕಗಳಿಗೆ, ಅಂದರೆ ಬಾತುಕೋಳಿಗಳಿಗೆ. ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ ನೋಡಿ, ಕೋಳಿಯಾದರೆ ಲಗೇಜು ಟಿಕೆಟು ತೆಗೆಸಬೇಕಾಗುತ್ತದೆ ಎಂದ. ಮಾವನವರು ಬಸ್ಸಿನ ಮಬ್ಬುಗತ್ತಲಲ್ಲೇ ಒಂದು ಬದಕವನ್ನು ಕತ್ತು ಹಿಡಿದು ಹೊರಗೆಳೆದು ತೋರಿಸಿದರು. ಆತ ಅದರ ಕೊಕ್ಕು ಮುಟ್ಟಿ ನೋಡಿ, ನಕ್ಕು, ಎರಡೇ ಟಿಕೆಟು ಹರಿದುಕೊಟ್ಟ.

ಅದು ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಖಡಕಿಯ ಕ್ವಾರ್ಟರ್ಸ್ ಬಿಟ್ಟು ಧನಕವಡಿಯ ಎರಡು ಕೋಣೆಯ ಫ್ಲ್ಯಾಟಿಗೆ ಹೋಗಲು ನಮಗೆ ಎಂಟೇ ದಿನ ಉಳಿದಿತ್ತು. ಅಟ್ಟ ಖಾಲಿ ಮಾಡುವಾಗ ಈ ಚೀಲ ಸಿಕ್ಕಿತು. ಇದಕ್ಕೆಲ್ಲ ಅಲ್ಲಿ ಜಾಗವಿಲ್ಲ ಎಂದು ನಮ್ಮ ಮನೆಯವರು ಬಾಗಿಲ ಹೊರಗಿಟ್ಟರು. ಮಾವನವರು ಅದನ್ನು ಮತ್ತೆ ಒಳಗೆ ತಂದಿಟ್ಟುಕೊಂಡರು.

ಮಾವನವರು ಖಡಕಿಯ ಕಾರ್ಖಾನೆಯಲ್ಲಿ ಪೆಟ್ಟಿಗೆ ಮಾಡುವ ಬಡಿಗರಾಗಿದ್ದರು. ಶಿಕಾರಿಗೆ ಕಾಯಿದೆಯ ತಡೆ ಬರುವ ಮೊದಲು ಸಾಹೇಬರುಗಳು ಚಳಿಗಾಲದಲ್ಲಿ ಬದಕದ ಬೇಟೆಗೆ ಹೋಗುತ್ತಿದ್ದರಂತೆ. ನೀರಿನ ಮೇಲೆ ತೇಲಿಬಿಡಲು ಇವರು ಹಲಗೆಯ ತುಂಡುಗಳನ್ನು ಅಂಟಿಸಿ ಬದಕ ಕೆತ್ತಿ ಕೊಡುತ್ತಿದ್ದರು. ಅವನ್ನು ಕಂಡು, ತಮ್ಮವರೇ ಕೂತಿದ್ದಾರೆಂದು ನಂಬಿ, ಆಕಾಶದ ಬದಕಗಳು ಕೆಳಗಿಳಿಯುತ್ತಿದ್ದವು. ಬಂದೂಕು ಮಾತ್ರ ಇವರು ಹಿಡಿದವರಲ್ಲ. ಅಂದು ಚೀಲದ ಪಕ್ಕ ಕೂತು ನನಗೆ ಹೇಳಿದರು: "ಕಾಲ ಇಳಿಬಿಟ್ಟು ನೀರ ಮುಟ್ಟಾಕ ಬರ್ತಿದ್ದವು ನೋಡವಾ, ಅಷ್ಟರಾಗ ಢಂ ಅಂತಿತ್ತು. ನಾ ಮಾಡಿದ್ದರ ಬಾಜೂಕ ಒಂದ ಖರೇ ಬದಕ ಕೂತದ್ದು ಈ ಕಣ್ಣಲೆ ನೋಡಿಲ್ಲ."

ಅದನ್ನು ನೋಡಬೇಕು ಎಂದು ಅವರು ಕೇಳಲಿಲ್ಲ. ಹೋಗೋಣ ಎಂದವಳು ನಾನೇ. ಮನೆಯವರಿಗೆ ರಜೆ ಇರಲಿಲ್ಲ. ಎಪ್ಪತ್ತು ದಾಟಿದ ಮಾವನವರ ಮೊಳಕಾಲು ನೀರಿಗಿಳಿಯುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಬದಕ ಬಿಡುವ ಕೆಲಸ ನನ್ನ ಪಾಲಿಗೆ ಬಂತು.

ಹಡಪಸರ ದಾಟಿದ ಮೇಲೆ ಚಳಿ ಕಿಟಕಿಯ ಸಂದಿಯಿಂದ ನುಗ್ಗತೊಡಗಿತು. ಯವತದ ಆಚೆ ಕಬ್ಬಿನ ಗಾಡಿಗಳ ಸಾಲು. ನನ್ನ ತಲೆ ಮಾತ್ರ ಖಡಕಿಯಲ್ಲೇ ಇತ್ತು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಮಗಳು ಡಬ್ಬಿ ಒಯ್ದಳೋ ಮರೆತಳೋ, ಗಾಜಿನ ಸಾಮಾನಿಗೆ ಹಳೆಯ ಪೇಪರು ಸಾಕಾಗುವುದೋ ಇಲ್ಲವೋ. ಬ್ಯಾಗಿನ ಜಿಪ್ಪನ್ನು ಎಷ್ಟು ಸಲ ತೆಗೆದು ಹಾಕಿದೆನೋ ಗೊತ್ತಿಲ್ಲ. ಮಾವನವರು ಮಫ್ಲರ್ ಸುತ್ತಿಕೊಂಡು ಹೊರಗೆ ನೋಡುತ್ತಿದ್ದರು. ಸುಮಾರು ನೂರು ಕಿಲೋಮೀಟರಿನ ದಾರಿ ಎರಡೂವರೆ ತಾಸು ಹಿಡಿಯಿತು.

ಭಿಗವಣದ ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಟಮಟಮ್ ಆಟೋ ಹತ್ತಿ, ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿರುವ ಒಂದು ಹಳ್ಳಿಗೆ ಹೋದೆವು. ದಂಡೆಯ ಮೇಲೆ ಮೀನಿನ ಬಲೆ ಒಣಹಾಕುತ್ತಿದ್ದ ಪಾಂಡುರಂಗ ಎಂಬ ನಾವಿಕ ಸಿಕ್ಕ. ಅವನ ಕಣ್ಣು ಮೊದಲು ಚೀಲದ ಮೇಲೆ ಬಿತ್ತು. "ಪೋತ್ಯಾತ ಕಾಯ ಆಹೇ, ಬಾಬಾ?" ಎಂದು ಕೇಳಿದ. ಚೀಲದಲ್ಲೇನಿದೆ ಎಂದು ತೋರಿಸಿದಾಗ ಅವನ ಮುಖ ಬಿಗಿಯಾಯಿತು. ಫಾರೆಸ್ಟಿನವರು ಬಂದರೆ ತನ್ನ ದೋಣಿ ಹೋಗುತ್ತದೆ, ಬಲೆ ಎಲ್ಲಿದೆ, ಬಂದೂಕು ಎಲ್ಲಿದೆ ಎಂದು ವಿಚಾರಿಸಿದ. ನಾನು ನನ್ನ ಬ್ಯಾಗನ್ನೂ ಬಿಚ್ಚಿ ತೋರಿಸಿದೆ: ರೊಟ್ಟಿ, ಶೇಂಗಾ ಚಟ್ನಿ, ಸುತಳಿ ಉಂಡೆ, ಕಬ್ಬಿಣದ ಎಂಟು ನಟ್ಟು. ಬರೀ ನೋಡಲಿಕ್ಕೆ ಇಷ್ಟು ದೂರ ಬಂದಿರಾ ಎಂದು ಎರಡು ಸಲ ಕೇಳಿ ದೋಣಿ ಬಿಡಲು ಒಪ್ಪಿದ.

ನನ್ನ ತಪ್ಪು ಗೊತ್ತಾದದ್ದು ಅಲ್ಲಿ. ಹಳೆಯ ಬಣ್ಣ ಉದುರಿದೆ ಎಂದು ನಾನು ಟ್ರಂಕುಗಳ ಮೇಲೆ ಹೆಸರು ಬರೆಯಲು ತಂದಿದ್ದ ಆಯಿಲ್ ಪೇಂಟಿನಿಂದ, ಮಾವನವರಿಗೆ ಹೇಳದೆ, ಮೂರು ಮಧ್ಯಾಹ್ನ ಕೂತು ಎಂಟಕ್ಕೂ ಬಳಿದಿದ್ದೆ. ಕಣ್ಣಿಗೊಂದು ಬಿಳಿ ಚುಕ್ಕೆ, ರೆಕ್ಕೆಗೆ ಸಣ್ಣ ಗೆರೆ. ಮನೆಯಲ್ಲಿ ಚೆಂದ ಕಂಡಿದ್ದವು. ದಂಡೆಯ ಬಿಸಿಲಿನಲ್ಲಿ ಸಾಲಾಗಿ ಇಟ್ಟಾಗ ಉಜ್ಜಿ ಬೋರಲು ಹಾಕಿದ ಸ್ಟೀಲಿನ ಪಾತ್ರೆಗಳ ಹಾಗೆ ಹೊಳೆದವು.

ಮಾವನವರು ಒಂದರ ಬೆನ್ನ ಮೇಲೆ ಬೆರಳಾಡಿಸಿ, "ಭಾಳ ಚಂದ ಆಗ್ಯಾವ. ಆದರ ಮಿಂಚೂ ಬದಕ ದೇವರು ಮಾಡಿಲ್ಲವಾ," ಎಂದರು.

ಪಾಂಡುರಂಗನ ಹೆಂಡತಿಯ ಒಲೆಯಿಂದ ಬೂದಿ, ದಂಡೆಯಿಂದ ಮರಳು ತಂದು ತಿಕ್ಕಲು ಕೂತೆ. ಮದುವೆಯಾದಾಗಿನಿಂದ ಹೊಳಪು ಬರಲಿ ಎಂದು ಉಜ್ಜಿದ ಕೈ. ಅಂದು ಹೊಳಪು ಹೋಗಲಿ ಎಂದು ಉಜ್ಜಿತು. ಆಕೆ ಪಕ್ಕದಲ್ಲಿ ನಿಂತು, ಪುಣೆಯ ಬಾಯಿಸಾಹೇಬರಿಗೆ ಇಲ್ಲಿಯೂ ಭಾಂಡಿ-ಪಾತ್ರೆ ತಿಕ್ಕುವುದು ತಪ್ಪಲಿಲ್ಲ ಎಂದು ಮರಾಠಿಯಲ್ಲಿ ಛೇಡಿಸಿದಳು. ಒಂದು ತಾಸಿನ ನಂತರ ಬದಕಗಳು ಮಂಕಾದವು. ನನ್ನ ಮೂರು ಮಧ್ಯಾಹ್ನಗಳು ಬೂದಿಯ ನೀರಾಗಿ ಹರಿದುಹೋದವು.

ದೋಣಿ ನಮ್ಮನ್ನು ನೀರಿನೊಳಗೆ ಚಾಚಿಕೊಂಡ ಮಣ್ಣಿನ ದಿಬ್ಬವೊಂದಕ್ಕೆ ಮುಟ್ಟಿಸಿತು. ಸೀರೆ ಎತ್ತಿಕಟ್ಟಿ ಮೊಳಕಾಲುದ್ದದ ನೀರಿಗಿಳಿದೆ. ಪ್ರತಿ ಬದಕದ ಎದೆಯ ಕೆಳಗಿನ ಕೊಂಡಿಗೆ ಸುತಳಿ, ಸುತಳಿಯ ತುದಿಗೆ ನಟ್ಟು. ನಟ್ಟು ಕೆಸರಿನಲ್ಲಿ ಕೂತರೆ ಬದಕ ತೇಲಿಹೋಗುವುದಿಲ್ಲ. ನಾನು ಲಂಗದ ಲಾಡಿಗೆ ಹಾಕುವ ಗಂಟನ್ನೇ ಹಾಕಿದ್ದೆ. ಮೊದಲನೆಯದು ಆಗಲೇ ಬಿಚ್ಚಿಕೊಂಡು ಹೊರಟಿತು. ಅದನ್ನು ಹಿಡಿದು ತಂದ ಮೇಲೆ ಮಾವನವರು ದಂಡೆಯಿಂದಲೇ ಬೆರಳಾಡಿಸಿ ಬೇರೆ ಗಂಟು ಕಲಿಸಿದರು. ರಂಗೋಲಿಯ ಚುಕ್ಕಿಯ ಹಾಗೆ ಸಮವಾಗಿ ಇಟ್ಟಿದ್ದನ್ನೂ ಕೆಡಿಸಿದರು. ಅಲ್ಲಿ ಮೂರು, ಇಲ್ಲಿ ನಾಲ್ಕು, ಮುನಿಸಿಕೊಂಡಂತೆ ದೂರ ಒಂದು; ನಡುವೆ ಬರುವವರು ಇಳಿಯಲು ಒಂದಿಷ್ಟು ಖಾಲಿ ಅಂಗಳ. ಸುತಳಿಯನ್ನು ಎದೆಗೆ ಯಾಕೆ ಕಟ್ಟುತ್ತಾರೆ ಎಂಬುದು ಗಾಳಿ ಬೀಸಿದಾಗ ತಿಳಿಯಿತು. ಎಂಟೂ ಗಾಳಿಗೆ ಮುಖ ತಿರುಗಿಸಿದವು.

ಜಾಲಿ ಗಿಡದ ಮರೆಯಲ್ಲಿ ಚಾಪೆ ಹಾಸಿ ಕೂತೆವು. ನಾನು ಕಲಿತ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ತುಟಿಯ ಮೇಲೆ ಬೆರಳಿಡಿಸಿ ಅರ್ಧ ತಾಸು ಕೂರಿಸುತ್ತಿದ್ದರು. ಆಗ ಹಾಗೆ ಕೂರಲು ಬರುತ್ತಿತ್ತು, ಈಗ ಬರಲಿಲ್ಲ. ಸೆರಗು ಸರಿಪಡಿಸಿದೆ, ಮುಳ್ಳು ಆರಿಸಿದೆ, ರೊಟ್ಟಿಯ ಡಬ್ಬಿ ತೆಗೆದೆ, ಮುಚ್ಚಿದೆ. ವಾಪಸಿನ ಬಸ್ಸು ನಾಲ್ಕಕ್ಕೆ.

ಮೊದಲ ಗುಂಪು ಹನ್ನೊಂದರ ಸುಮಾರಿಗೆ ಬಂತು, ಚೂಪು ಬಾಲದ ಕಂದು ಬದಕಗಳು. ಒಂದು ಸುತ್ತು ಹಾಕಿ, ಇನ್ನೇನು ಬಗ್ಗಿದವು ಎನ್ನುವಾಗ ಓರೆಯಾಗಿ ಹೊರಟುಹೋದವು. ಎರಡನೆಯ ಗುಂಪೂ ಹಾಗೆಯೇ ಹೋಯಿತು. ನೆರಳು ಸರಿದಿಲ್ಲ, ಗಾಳಿ ಬದಲಾಗಿಲ್ಲ, ಮತ್ತೆ ಏಕೆ ಎಂದು ಕೇಳಿದೆ. ಮಾವನವರು ನನ್ನತ್ತ ನೋಡಿ, ತಟ್ಟನೆ ನೀರಿನತ್ತ ಮುಖ ತಿರುಗಿಸಿದರು. "ಇರಲಿ ಬಿಡವಾ. ಇಂದು ಬರೂದಿಲ್ಲ ಅಂತ ಕಾಣ್ತದ."

ಮೂರನೆಯ ಗುಂಪೂ ಓರೆಯಾದಾಗ ನನ್ನ ಕೈ ಹಣೆಯ ಮೇಲೆ ಬಿಸಿಲಿಗೆ ಮರೆಯಾಗಿತ್ತು. ಮುಂಗೈಯಲ್ಲಿ ಡಜನ್ ಹಸಿರು ಗಾಜಿನ ಬಳೆ. ಜಾಲಿಯ ಎಲೆಗಳ ಮೇಲೆ ಅವುಗಳ ಬೆಳಕು ಚುಕ್ಕಿ ಚುಕ್ಕಿಯಾಗಿ ಕುಣಿಯುತ್ತಿತ್ತು. ಬದಕಗಳನ್ನು ಹೆದರಿಸಿದ್ದು ಆ ಮಿಂಚೇ ಎಂದು ಮಾವನವರಿಗೆ ಮೊದಲೇ ಗೊತ್ತಿತ್ತು. ಮುತ್ತೈದೆ ಸೊಸೆಗೆ ಬಳೆ ತೆಗಿ ಎಂದು ಯಾವ ಬಾಯಿಂದ ಹೇಳಿಯಾರು? ಅದನ್ನು ಹೇಳುವುದಕ್ಕಿಂತ, ಇಷ್ಟು ವರ್ಷ ಕಾದದ್ದನ್ನು ನೋಡದೆಯೇ ಮನೆಗೆ ಹೋಗಲು ತಯಾರಾಗಿದ್ದರು.

"ಮಾವಾರ, ನಿಮ್ಮ ಮಫ್ಲರ್ ಕೊಡ್ರಿ," ಎಂದೆ. ಅವರು ಕೊಟ್ಟರು. ಎರಡೂ ಮುಂಗೈ ಜೋಡಿಸಿ, ಬಳೆಗಳ ಮೇಲೆ ಬಿಗಿಯಾಗಿ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಹಾಕಿ ಮಡಿಲಲ್ಲಿಟ್ಟುಕೊಂಡೆ. ಇನ್ನು ಏನನ್ನೂ ಸರಿಪಡಿಸುವ ಹಾಗಿರಲಿಲ್ಲ.

ಒಂದೂವರೆಗೆ ಐದು ಬದಕ ಬಂದವು. ಎರಡು ಸುತ್ತು. ಆಮೇಲೆ ರೆಕ್ಕೆ ಬಾಗಿಸಿ, ಕಾಲು ಇಳಿಬಿಟ್ಟವು. ಮಾವನವರ ಭುಜ ಕಿವಿಯವರೆಗೆ ಏರಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಆ ಹಳೆಯ ಸದ್ದಿಗೆ ಕಾಯುವವರಂತೆ. ಸದ್ದು ಬರಲಿಲ್ಲ. ನೀರು ಸೀಳಿದ ಸಪ್ಪಳವಷ್ಟೇ.

"ಕೂತಾವ್ರಿ," ಎಂದು ಪಿಸುಗುಟ್ಟಿದೆ.

ಅವರು ಕಣ್ಣು ತೆರೆದರು. ಮುನಿಸಿಕೊಂಡಂತಿದ್ದ ಒಂಟಿ ಮರದ ಬದಕದ ಪಕ್ಕ ಒಂದು ನಿಜದ ಬದಕ ಕೊಕ್ಕಿನಿಂದ ಎದೆಯ ಗರಿ ತೀಡಿಕೊಳ್ಳುತ್ತಿತ್ತು. ಇನ್ನೊಂದು ತಲೆ ನೀರಿಗೆ ಹಾಕಿ ಬಾಲ ಮೇಲೆ ಮಾಡಿ ಮೇಯತೊಡಗಿತು. ಮಾವನವರು ರೊಟ್ಟಿ ಕೇಳಲಿಲ್ಲ, ನೀರು ಕೇಳಲಿಲ್ಲ.

ಮೂರು ಗಂಟೆಗೆ ಪಾಂಡುರಂಗ ದೋಣಿ ತಂದು ದಿಬ್ಬದ ಆಚೆ ಬದಿಗೆ ನಿಲ್ಲಿಸಿದ. ಬದಕ ತೆಗೆಯಲು ನಾನು ನೀರಿಗಿಳಿದರೆ ಆ ಐದೂ ಏಳುತ್ತವೆ. ನಾನು ಎದ್ದು ನಿಲ್ಲುವ ಮೊದಲೇ ಮಾವನವರು ಅವನಿಗೆ ಮರಾಠಿಯಲ್ಲಿ ಹೇಳಿದರು: ಅವು ತಾವಾಗಿ ಎದ್ದು ಹೋದ ಮೇಲೆ ನಮ್ಮವನ್ನು ತೆಗೆದು ನಿನ್ನ ಮನೆಯಲ್ಲಿಟ್ಟುಕೋ, ಸುತಳಿ ನೀರಿನಲ್ಲಿ ಬಿಡಬೇಡ. ಧನಕವಡಿಯ ಜಾಗದ ಪ್ರಶ್ನೆ ಹೀಗೆ ಮುಗಿಯಿತು. ದೋಣಿಯಿಂದ ತಿರುಗಿ ನೋಡಿದೆ. ಹದಿಮೂರೂ ಗಾಳಿಗೆ ಮುಖ ಮಾಡಿ ಕೂತಿದ್ದವು. ಯಾವುದು ನಮ್ಮದೆಂದು ತಿಳಿಯಲಿಲ್ಲ.

ಬಸ್ಸಿನಲ್ಲಿ ಮಾವನವರು ಕಣ್ಣು ಮುಚ್ಚಿ ಒರಗಿದರು. ನಾನು ಜಿಪ್ಪು ಮುಟ್ಟಲಿಲ್ಲ. ಟಿಕೆಟ್ಟಿನ ಹಣವನ್ನೂ ಮಾವನವರೇ ಕೊಟ್ಟರು. ಕೈ ಇನ್ನೂ ಕಟ್ಟಿಕೊಂಡೇ ಇದೆ ಎಂದು ನೆನಪಾದದ್ದು ಹಡಪಸರ ಬಂದ ಮೇಲೆ. ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ಬಳೆಗಳು ಝಲ್ ಎಂದವು.

"ಸಾವಕಾಶವಾ," ಎಂದರು ಮಾವನವರು, ಕಣ್ಣು ತೆರೆಯದೆ. "ಹಾರಿಹೋದಾವು."