ಮುದ್ದೆ ನುಂಗುವ ವಯಸ್ಸು

ಪಾಂಡವಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರ ನಾಯಿ ಕರುವಿನಷ್ಟು ಬೆಳೆದರೂ ಮರಿಗಳ ಆಹಾರವನ್ನೇ ತಿನ್ನುತ್ತಿತ್ತು. ಬೊಜ್ಜು ಬಂದು, ಜಗಲಿ ಹತ್ತಲೂ ಏದುಸಿರು ಬಿಡುತ್ತಿತ್ತು. ‘ವರ್ಷ ತುಂಬಿದೆ. ದೊಡ್ಡ ನಾಯಿಗಳ ಆಹಾರ ಕೊಡಿ, ಇಲ್ಲದಿದ್ದರೆ ಕಾಲು ಹೋಗುತ್ತೆ’ ಎಂದು ಪಶುವೈದ್ಯರು ಎಚ್ಚರಿಸಿದ್ದರು.

ಯಜಮಾನರು ಪ್ರತಿ ಭಾನುವಾರ ಅದಕ್ಕೊಂದು ತುತ್ತು ರಾಗಿಮುದ್ದೆ ಕೊಟ್ಟು, ಬಗ್ಗಿ ಅದರ ದವಡೆ ನೋಡುತ್ತಿದ್ದರು. ನಾಯಿ ಅಗಿಯುತ್ತಿತ್ತು.

“ಅಗೀತಾನೆ ಅಂದ್ರೆ ಇನ್ನೂ ಮರಿ ಕಣ್ಲಾ. ನುಂಗೋದ್ ಕಲೀಲಿ, ಆಮ್ಯಾಕೆ ದೊಡ್ಡೋರ ಊಟ” ಎಂದು ನನಗೆ ಹೇಳುತ್ತಿದ್ದರು.

ಒಂದು ಭಾನುವಾರ ವೈದ್ಯರನ್ನೇ ಊಟಕ್ಕೆ ಕರೆದರು. ಕರಾವಳಿ ಕಡೆಯವರಾದ ಅವರು ಮುದ್ದೆಯನ್ನು ನಿಧಾನವಾಗಿ ಅಗಿದರು. ಅವರ ಕೈಜಾರಿದ ತುತ್ತನ್ನು ನಾಯಿ ಗುಳುಕ್ಕನೆ ನುಂಗಿತು.

“ದೊಡ್ಡೋನಾಗ್ಬುಟ್ಟ!” ಎಂದು ಯಜಮಾನರು ಎದ್ದರು. ಉಳಿದ ಮರಿ ಆಹಾರದ ಚೀಲವನ್ನು ವೈದ್ಯರ ಸ್ಕೂಟರಿಗೆ ಕಟ್ಟಿದರು.

“ನಿಮ್ಗಿನ್ನೂ ಟೈಮ್ ಐತೆ ಬುಡಿ, ಡಾಕ್ಟ್ರೇ.”