ಕೈಗವಸಿಗೆ ಕುಂಕುಮ

ನಮ್ಮ ಮನೆಯಲ್ಲಿ ಕಾರು ನಿಲ್ಲುತ್ತಿದ್ದ ಜಾಗದ ಗೋಡೆಗೊಂದು ಮೊಳೆಯಿದೆ, ಅದರಲ್ಲಿ ಒಂದು ಜೊತೆ ದಪ್ಪ ರಬ್ಬರ್ ಕೈಗವಸು ನೇತಾಡುತ್ತದೆ. ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಹಾದುಹೋಗುವವರು ಬಚ್ಚಲು ತೊಳೆಯುವುದಕ್ಕೆಂದು ತಿಳಿದಾರು. ಅವು ನನ್ನ ಅಣ್ಣನವು.

ಅಪ್ಪನ ಹಳೆಯ ಕಾರಿನ ಎಂಜಿನ್ ಕಿತ್ತು, ಆ ಜಾಗದಲ್ಲಿ ಹತ್ತಾರು ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿ ಸಾಲಾಗಿ ಕೂರಿಸಿ, ಅಣ್ಣ ತಾನೇ ಅದನ್ನು ಎಲೆಕ್ಟ್ರಿಕ್ ಕಾರು ಮಾಡಿದ್ದ. ಓಡಿಸುವ ಹುಚ್ಚಿಗಿಂತ ಅದನ್ನು ನೀರಿನಿಂದ ಕಾಯುವ ಹುಚ್ಚೇ ಅವನಿಗೆ ಹೆಚ್ಚು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರ್ ಪಟ್ಟಿ, ತಂತಿ ಒಳಹೋಗುವ ತೂತುಗಳಿಗೆಲ್ಲ ಅಂಟು, ಕೆಳಗಡೆ ತಗಡು. ಮಾಗಡಿ ರಸ್ತೆ ಹೊಳೆಯಾಗಿ ಹರಿದ ಸಂಜೆಯೂ ಆ ಪೆಟ್ಟಿಗೆಯೊಳಗೆ ಒಂದು ಹನಿ ಇಳಿದಿರಲಿಲ್ಲ. ಮುಚ್ಚಳ ತೆಗೆಯುವಾಗ ಕೈಗೆ ಗವಸು, ಕಾಲಿಗೆ ರಬ್ಬರ್ ಚಪ್ಪಲಿ. ನಾನು ಹತ್ತಿರ ಸುಳಿದರೆ, "ಕೈ ಒರೆಸ್ಕೊಂಡ್ ಬಾರೇ. ಸ್ವಿಚ್ ಆಫ್ ಮಾಡಿದ್ರೂ ಬ್ಯಾಟರಿ ಒಳಗಿನ ಕರೆಂಟ್ ಎಲ್ಲೂ ಹೋಗಿರಲ್ಲ," ಎನ್ನುತ್ತಿದ್ದ. ಮದುವೆಯಾಗಿ ಮಕ್ಕಳಿರುವ ತಂಗಿಯನ್ನು ಹೀಗಾ ಗದರಿಸುವುದು ಎಂದು ನಾನು ಮೂತಿ ತಿರುವುತ್ತಿದ್ದೆ.

ಆಯುಧಪೂಜೆಯನ್ನು ನೀವೂ ಮಾಡಿರುತ್ತೀರಿ. ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ ಎತ್ತಿ ಎಂಜಿನ್ನಿಗೂ ಕುಂಕುಮ ಹಚ್ಚದಿದ್ದರೆ ನಮಗೆ ಸಮಾಧಾನವಿಲ್ಲ. ಹೋದ ವರ್ಷದ ಪೂಜೆಯಂದು ಅಣ್ಣ ನೀರಿನ ಪೈಪು ಹಿಡಿಯದೆ, ಒಣಬಟ್ಟೆಯಲ್ಲೇ ಕಾರನ್ನು ಒರೆಸಿದ್ದ. ಪೆಟ್ಟಿಗೆಯ ಮುಚ್ಚಳದ ಮೇಲೆ ಬೊಟ್ಟಿಡಲು ಹೋದಾಗ ಅಮ್ಮ ತಡೆದಳು. "ಮುಚ್ಚಳಕ್ಕಿಟ್ರೆ ದೇವ್ರನ್ ಬಿಟ್ಟು ಬಾಗ್ಲಿಗ್ ಪೂಜೆ ಮಾಡ್ದಂಗಾಯ್ತು ಕಣೋ. ತೆಗೆದು ಒಳಗಿಡು. ಆ ರಬ್ಬರ್‌ಗಳನ್ನ ಆಚೆ ಬಿಡು, ಕೈಕಾಲು ತೊಳ್ಕೊಂಡ್ ಬಾ."

"ಆಯ್ತಮ್ಮ, ಒಂದೇ ಬೊಟ್ಟು," ಎಂದು ಅಣ್ಣ ನಕ್ಕ. ಗವಸನ್ನು ಮೊಳೆಗೆ ಸಿಕ್ಕಿಸಿ, ಚಪ್ಪಲಿಯನ್ನು ಗೇಟಿನ ಬಳಿ ಬಿಟ್ಟು, ಕೈಕಾಲು ತೊಳೆದು, ತೊಟ್ಟಿಕ್ಕುವ ಪಾದಗಳಲ್ಲಿ ಬಂದು ಮುಚ್ಚಳ ಬಿಚ್ಚಿದ. ಎಡಗೈ ಬ್ಯಾಟರಿ ಸಾಲಿನ ಒಂದು ತುದಿಯ ಮೇಲಿತ್ತು. ಒದ್ದೆ ಕುಂಕುಮದ ಉಂಗುರಬೆರಳು ಇನ್ನೊಂದು ತುದಿಗೆ ತಾಗಿತು. ನಾನು ಗಂಟೆ ಬಾರಿಸುತ್ತಿದ್ದೆ, ಹಾಗಾಗಿ ಅವನು ಕೂಗಿದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು.

ನಮ್ಮ ಮಡಿಯೆಲ್ಲ ನೀರಿನದು, ಕರೆಂಟಿನ ಮಡಿಯೋ ಒಣಗಿರುವುದು. ಎರಡನ್ನೂ ಬಲ್ಲ ಮನುಷ್ಯ ಆ ಒಂದು ಗಳಿಗೆ ಹಳೆಯದರ ಮಾತು ಕೇಳಿದ. ಆಕಾಶದಿಂದ ಬೀಳುವ ನೀರಿಗೆ ಹೇಗೋ ತಗಡು ಹೊದಿಸಬಹುದು. ಅಕ್ಕರೆಯಿಂದ, ಭಕ್ತಿಯಿಂದ, ಮನೆಯ ಬಚ್ಚಲಿಂದಲೇ ನಡೆದುಬರುವ ನೀರಿಗೆ ಯಾವ ಅಂಟು ಹಚ್ಚುತ್ತೀರಿ, ಹೇಳಿ. ನನಗೆ ಸಿಟ್ಟಿದೆ. ಅಮ್ಮನ ಮೇಲೆ ತೋರಿಸೋಣವೆಂದರೆ ಅವಳು ಆ ದಿನದಿಂದ ಅರ್ಧ ಆಗಿಹೋಗಿದ್ದಾಳೆ. ಸತ್ತವನ ಮೇಲಂತೂ ತೋರಿಸುವ ಹಾಗಿಲ್ಲ.

ಕಾರನ್ನು ಗುಜರಿಯವರು ಯಾರೋ ಬಿಚ್ಚಿಕೊಂಡು ಹೋದರು. ಈ ಸಲ ಆಯುಧಪೂಜೆಯೇ ಬೇಡವೆಂದು ನಾನು ಸುಮ್ಮನಿದ್ದೆ. ಅಮ್ಮ ಮಾತ್ರ ಮೊಳೆಯಿಂದ ಕೈಗವಸುಗಳನ್ನು ಇಳಿಸಿ ತಂದು, ಈಳಿಗೆಮಣೆಯ ಪಕ್ಕದಲ್ಲಿ ದೇವರ ಮುಂದಿಟ್ಟಳು. ಕುಂಕುಮದ ಭರಣಿ ತೆರೆಯುವ ಮೊದಲು ಕೈಗಳನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿ, "ಒಣಗಿದ್ಯಾ ನೋಡೇ," ಎಂದಳು.