ವರ್ನಾ ಎದ್ದುಹೋದ ಕುರ್ಚಿ

ನಾಯಕಿ ಲೊರೇನ್ ವೇಲ್ ಮೇಕಪ್ ಮಾಡಿಸಿಕೊಳ್ಳುವಾಗ ಅವಳ ಜಾಗದಲ್ಲಿ ನಿಲ್ಲುವುದು ನನ್ನ ಗೆಳತಿ ವರ್ನಾಳ ಕೆಲಸ. ಅದೇ ಎತ್ತರ, ಅದೇ ಕೂದಲು, ನಾನೇ ಹೊಲಿದುಕೊಟ್ಟ ಅದೇ ಬಣ್ಣದ ಉಡುಪು. ದೀಪದವರು ಅವಳ ಕೆನ್ನೆ ನೋಡಿಕೊಂಡು ಬೆಳಕು ಹೊಂದಿಸುತ್ತಿದ್ದರು. ಎಲ್ಲ ಸಿದ್ಧವಾದಾಗ "ಮೊದಲ ತಂಡ!" ಎಂಬ ಕೂಗು, ಅಂದರೆ ನಿಜವಾದ ನಟರು ಬರಲಿ ಎಂದು. ವರ್ನಾ ಕತ್ತಲೆಗೆ ಸರಿಯುತ್ತಿದ್ದಳು, ಲೊರೇನ್ ಬೆಳಕಿಗೆ ಬರುತ್ತಿದ್ದಳು. ಹಾಲಿವುಡ್‌ನಲ್ಲಿ ವರ್ನಾಳ ಯೌವನವೆಲ್ಲ ಹೀಗೇ ಕಳೆಯಿತು.

ದೂರದ ನೆಬ್ರಾಸ್ಕಾದಿಂದ ಅವಳ ಅಕ್ಕ ಎಡ್ನಾ ಕ್ರಿಸ್‌ಮಸ್‌ಗೆ ಫೋನ್ ಮಾಡಿದಾಗಲೆಲ್ಲ ಚುಚ್ಚುತ್ತಿದ್ದಳು. "ಪಿಕ್ಚರ್‌ನಲ್ಲಿದೀನಿ ಅಂತೀಯ, ಯಾವುದರಲ್ಲೂ ಕಾಣಿಸಲ್ವಲ್ಲೇ! ಹೋಟೆಲಲ್ಲಿ ತಟ್ಟೆ ತೊಳೀತಿದೀಯೇನೋ!"

ಲೊರೇನ್ ಸತ್ತಳು, ಸ್ಟುಡಿಯೋ ಮುಚ್ಚಿತು. ನಮಗಿಬ್ಬರಿಗೂ ವಯಸ್ಸಾಯಿತು. ಹೋದ ವರ್ಷ ಹುಡುಗನಂತಿದ್ದ ನಿರ್ದೇಶಕನೊಬ್ಬ ಆ ಹಳೆಯ ಕಾಲದ ಬಗ್ಗೆಯೇ ಚಿತ್ರ ತೆಗೆಯಲು ಹೊರಟ. ಕಿಟಕಿಯ ಬಳಿ ತೂಗುಕುರ್ಚಿಯಲ್ಲಿ ಕೂತ ಮುದುಕಿ, ಒಂದೇ ದೃಶ್ಯ, ಮುಖ ಪೂರ್ತಿ ಕಾಣಬೇಕು. ವರ್ನಾಳನ್ನು ಕರೆದರು. ಅವಳು ಮೊದಲು ಫೋನ್ ಮಾಡಿದ್ದು ಎಡ್ನಾಳಿಗೆ.

ಶೂಟಿಂಗ್ ದಿನ ವರ್ನಾಳ ಕಾಲರ್ ಸರಿಮಾಡಲು ನಾನೂ ಅಲ್ಲಿದ್ದೆ. ಬೆಳಕು ಹೊಂದಿತು. ಸಹಾಯಕ ಕೂಗಿದ: "ಮೊದಲ ತಂಡ!"

ವರ್ನಾ ಎದ್ದು ಕತ್ತಲೆಗೆ ಬಂದು ನನ್ನ ಪಕ್ಕ ನಿಂತಳು.

ಎಲ್ಲರೂ ನಕ್ಕರು. "ವರ್ನಾ ಮೇಡಂ, ಮೊದಲ ತಂಡ ಇವತ್ತು ನೀವೇ! ಯಾರಿಗೆ ಜಾಗ ಬಿಟ್ಟುಕೊಡ್ತಿದೀರ?" ಎಂದ ಸಹಾಯಕ.

ಅವಳೂ ನಕ್ಕಳು. ಹೋಗಿ ಕೂತಳು. ಈ ಸಲ ಯಾರೂ ಕೂಗಲಿಲ್ಲ. ಕ್ಯಾಮೆರಾ ತಿರುಗತೊಡಗಿದ್ದೇ ತಡ, ಮತ್ತೆ ಎದ್ದಳು. ಮತ್ತೊಮ್ಮೆ ಕೂರಿಸಿದರು. ಆಗಲೂ ಅಷ್ಟೇ. ಕೊನೆಗೆ ನಿರ್ದೇಶಕ ಅವಳ ಕೈ ಹಿಡಿದು, "ಸಾಕು ಬಿಡಿ ಮೇಡಂ" ಎಂದ, ಮೆತ್ತಗೆ.

ಕಾರಿನಲ್ಲಿ ಕೇಳಿದೆ: "ಏನಾಯ್ತೇ ನಿಂಗೆ?"

"ಲೊರೇನ್ ಬಂದು ಹಿಂದೆ ನಿಂತಿದ್ಲು ಕಣೇ ಓಪಲ್. ಅವಳ ಪೌಡರ್ ವಾಸನೆ ಬಂತು. ನಾನು ಹ್ಯಾಗೆ ಕೂತಿರ್ಲಿ?" ಮನೆ ಮುಂದೆ ಇಳಿಯುವಾಗ, "ಎಡ್ನಾಗೆ ಹೇಳ್ಬೇಡ" ಎಂದಳು.

ವಸಂತದಲ್ಲಿ ವರ್ನಾ ಹೋಗಿಬಿಟ್ಟಳು. ಮಣ್ಣಿಗೆ ಬಂದ ಎಡ್ನಾ, ತಂಗಿಯ ಮನೆ ಖಾಲಿ ಮಾಡಲು ಉಳಿದುಕೊಂಡಿದ್ದಳು. ಅಷ್ಟರಲ್ಲಿ ಚಿತ್ರ ಬಿಡುಗಡೆಯಾಯಿತು. ಹೋಗಲೇಬೇಕೆಂದು ಹಟ ಹಿಡಿದಳು. ವರ್ನಾ ಹೇಳಿದ್ದು ನೆನಪಿಟ್ಟುಕೊಂಡು ನಾನೂ ಜೊತೆಗೆ ಹೊರಟೆ.

ಮಧ್ಯಾಹ್ನದ ಆಟ, ಥಿಯೇಟರಿನಲ್ಲಿ ಜನ ಅಷ್ಟಕ್ಕಷ್ಟೇ. ಕಿಟಕಿ ಬಂತು, ಕುರ್ಚಿ ಬಂತು. ವರ್ನಾ ಎದ್ದ ಮೇಲಿನದನ್ನಷ್ಟೇ ಉಳಿಸಿಕೊಂಡಿದ್ದರು. ಕುರ್ಚಿ ತನ್ನಷ್ಟಕ್ಕೇ ತೂಗುತ್ತಿತ್ತು. ಸರಿಯಾಗಿ ಅವಳ ಕೆನ್ನೆಯ ಎತ್ತರಕ್ಕೆ ಬೆಳಕು ಬಿದ್ದು, ಯಾರಿಗಾಗಿಯೋ ಕಾಯುತ್ತಿತ್ತು.

"ಎಲ್ಲೇ ಅವಳು?" ಎಂದಳು ಎಡ್ನಾ.

"ಈಗಷ್ಟೇ ಎದ್ದುಹೋದಳು."

ಎಡ್ನಾ ಬಹಳ ಹೊತ್ತು ಆ ಕುರ್ಚಿಯನ್ನೇ ನೋಡಿದಳು. ಆಮೇಲೆ ಪಕ್ಕದ ಸೀಟಿನ ಮೇಲಿಟ್ಟಿದ್ದ ತನ್ನ ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಜಾಗ ಮಾಡಿದಳು.